ಕೀಲಿ ಕೊಟ್ಟರೂ ಹಾಡದ ಪೆಟ್ಟಿಗೆ!

ಕಪಿಲೆಯ ದಂಡೆಯ ಸರಗೂರು. ಹಳೇ ಮನೆಯೊಂದರ ಅಟ್ಟದಿಂದ ಕೆಳಗಿಳಿಯಿತು ಎಚ್.ಎಂ.ವಿ. 102 ಗ್ರಾಮಾಫೋನು. ಜೊತೆಗೆ ಪಿ. ಕಾಳಿಂಗರಾವ್ ಹಾಡಿದ ಒಂದು ತಟ್ಟೆ.

“ಇನ್ನೊಂದ್ಸಲ ಕೇಳ್ಬುಟ್ರೆ ಸಾಕು ಕಣ್ ಮಗ” ಎಂದರು ಅಜ್ಜಿ.

ಮೊಮ್ಮಗ ಕೀಲಿ ತಿರುಗಿಸಿದ. ಟಣ್! ಸ್ಪ್ರಿಂಗ್ ಮುರಿಯಿತು!

ಇನ್ನೇನು ಸ್ವಾಮಿ, ಬಸ್ಸು ಹತ್ತಿ ಮೈಸೂರಿಗೆ ನಡೆದ. ಭಾರತದ ಮೊದಲ ಧ್ವನಿಮುದ್ರಿಕೆಗಳಿಗೆ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ 1930ರ ಜನವರಿ 17ರಂದು ಕಣ್ಮುಚ್ಚಿದ್ದು ಇದೇ ಮೈಸೂರಿನಲ್ಲಿ. ಅಂಥ ಊರಿನಲ್ಲೂ ಅಂಗಡಿಯವರದು ಒಂದೇ ಮಾತು: “ಎಲ್ ಸಿಕ್ತದೆ ಸಾರ್ ಈಗ!”

ಸಿಗುತ್ತದೆ. ಬೆಂಗಳೂರಿನ ಸಂಡೇ ಬಜಾರು, ಮುಂಬಯಿಯ ಚೋರ್ ಬಜಾರು ಹುಡುಕಿದರೆ ಸಿಗುತ್ತದೆ. ಆದರೆ ಫಳಫಳ ಹೊಳೆಯುವ ಹೊಸ ಹಿತ್ತಾಳೆ ಕಹಳೆಗೆ ಮರುಳಾಗಬೇಡಿ! ಅಂಥವು ಬಹುಪಾಲು ಷೋಕೇಸಿನ ಬೊಂಬೆಗಳು.

ಜೋಡಿ ಕೂಡಬೇಕು!

ಸ್ಪ್ರಿಂಗ್ ಕೊಳ್ಳುವಾಗ ಅಗಲ, ದಪ್ಪ, ಉದ್ದ, ತುದಿಯ ತೂತು ನಾಲ್ಕೂ ಹೊಂದಬೇಕು. ಮುರಿದ ತುಂಡನ್ನು ಕೈಯಲ್ಲೇ ಒಯ್ಯಿರಿ. 102ರ ಸೌಂಡ್ ಬಾಕ್ಸಿಗೆ ಅಲ್ಯೂಮಿನಿಯಂ ಪರದೆ. ಹಿಂದಿನ 101ರ ನಾಲ್ಕನೇ ನಂಬರಿಗೆ ಅಭ್ರಕದ ಪರದೆ. ನೋಡಲು ಅಣ್ಣತಮ್ಮಂದಿರು, ಆದರೆ ಒಬ್ಬನ ಅಂಗಿ ಇನ್ನೊಬ್ಬನಿಗಾಗದು! ಪರದೆಯ ಅಂಚಿನ ರಬ್ಬರು ಕಲ್ಲಾಗಿದ್ದರೆ ದನಿ ಗೊರಗೊರ. ಅದಕ್ಕೆ ಸೈಕಲ್ಲಿನ ವಾಲ್ ಟ್ಯೂಬ್ ಮದ್ದು.

ನಮ್ಮ ಹುಡುಗನ ಅದೃಷ್ಟ ನೋಡಿ: ಮುರಿದಿದ್ದು ಸ್ಪ್ರಿಂಗಿನ ಒಳತುದಿ ಮಾತ್ರ. ಗಡಿಯಾರದ ಮೇಸ್ತ್ರಿಯೊಬ್ಬರು ಆ ತುದಿಯನ್ನಷ್ಟೇ ಬೆಂಕಿಗೆ ಹಿಡಿದು ಮೆದು ಮಾಡಿ, ಹೊಸ ತೂತು ಕೊರೆದರು. “ಸುರುಳಿ ಬಿಚ್ಚೋಕೆ ನೀವೇ ಹೋಗ್ಬೇಡಿ, ಕೈ ಸೀಳ್ಬುಡ್ತದೆ” ಎಂಬ ಬುದ್ಧಿಮಾತು ಬಿಟ್ಟಿ!

ಇನ್ನು ಮುಳ್ಳು. ಉಕ್ಕಿನ ಮುಳ್ಳು ತಟ್ಟೆಯ ಒಂದು ಬದಿಗೆ ಒಂದೇ. ಸವೆದದ್ದನ್ನೇ ಮತ್ತೆ ಹಾಕಿದರೆ ಅದು ಉಳಿಯಂತೆ ಗೆರೆ ಕೊರೆಯುತ್ತದೆ. ಮುಳ್ಳಿಗೆ ಕಾಸು ಉಳಿಸಲು ಹೋಗಿ ಕಾಳಿಂಗರಾಯರನ್ನೇ ಕಳೆದುಕೊಳ್ಳಬೇಕೆ? ಸ್ಪ್ರಿಂಗು ಇನ್ನೊಂದು ಬಂದೀತು, ಆ ತಟ್ಟೆ ಬಂದೀತೆ?

ಸಂಜೆ ಸರಗೂರಿನಲ್ಲಿ ಕೀಲಿ ಕೊಟ್ಟದ್ದಾಯಿತು. ಕಿರ್‍ರ್... ಕಿರ್‍ರ್... ಆಮೇಲೆ ಆ ಕಂಠ!

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಅಂದರು: “ನಂಗೆ ವಯಸ್ಸಾಯ್ತು. ಇವ್ರಿಗಾಗ್ನಿಲ್ಲ ನೋಡ್ ಮಗ!”