ಎರೆಭೂಮಿಯ ಗೇಟುಗಳು ಮತ್ತು ಬಿಜಾಗರಿ ಕಸುಬು

ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗೆ ಇನ್ನೂ ರೈಲು ಬಂದಿಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳಿದ್ದರೂ ಅವು ಊರಿನಿಂದ ದೂರ. ಹಾಗಾಗಿ ಈ ನಾಲ್ಕೂ ಕಡೆಯ ತೊಗರಿ, ಕಡಲೆ, ಹತ್ತಿ, ಜೋಳ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಇಂಡಿ ಲಿಂಬೆ ಎಲ್ಲವೂ ಲಾರಿ, ಟ್ರ್ಯಾಕ್ಟರ್, ಟಂಟಂಗಳ ಮೇಲೆಯೇ ಹೋಗಬೇಕು. ಸುಗ್ಗಿ ಬಂತೆಂದರೆ ಗೋದಾಮಿನ ಗೇಟುಗಳಿಗೆ ಬಿಡುವಿಲ್ಲ. ರಿವರ್ಸ್ ಬರುವ ಟ್ರೇಲರಿನ ಮೂಲೆ ಕದಕ್ಕೆ ತಾಗುತ್ತದೆ, ಹಮಾಲರು ಚೀಲ ಹೊತ್ತು ಬರುವ ಅವಸರದಲ್ಲಿ ಕದವನ್ನು ಕಾಲಿನಿಂದಲೇ ನೂಕುತ್ತಾರೆ. ಒಂದು ದಿನ ಮೇಲಿನ ಬಿಜಾಗರಿ ಕಿತ್ತು, ಕದ ಓರೆಯಾಗಿ ನೆಲಕ್ಕೆ ಉಜ್ಜತೊಡಗುತ್ತದೆ. ಆಗ ವೆಲ್ಡಿಂಗ್ ಅಂಗಡಿಗೆ ಫೋನು: “ಬಿಜಾಗರಿ ಕಿತ್ತದರೀ, ಲಗೂ ಬರ್ರಿ.”

ಹೊಸ ಗೇಟು ಮಾಡಿದವರ ಹೆಸರನ್ನು ಗೇಟಿನ ಮೇಲೆಯೇ ಬರೆಸುತ್ತಾರೆ, ಫೋನ್ ನಂಬರ್ ಸಮೇತ. ರಿಪೇರಿ ಮಾಡಿದವರ ಹೆಸರು ಎಲ್ಲಿಯೂ ಇರುವುದಿಲ್ಲ. ಆದರೆ ಕೈಚಳಕ ಹೆಚ್ಚು ಬೇಕಾಗುವುದು ರಿಪೇರಿಗೇ ಎಂಬುದು ನನ್ನ ಖಚಿತ ಅಭಿಪ್ರಾಯ. ಹೊಸ ಗೇಟನ್ನು ಅಂಗಡಿಯ ಮುಂದೆ ಸಪಾಟು ನೆಲದಲ್ಲಿ ಮಲಗಿಸಿಕೊಂಡು ಮಾಡಬಹುದು. ಕೆಟ್ಟ ಗೇಟನ್ನು ಅದು ನಿಂತಲ್ಲಿಯೇ, ವಾಲಿದ ಕಂಬದ ಜೊತೆಗೆ, ದಾರಿ ಕಾಯುವ ಲಾರಿಗಳ ಎದುರಿಗೆ ಸರಿಮಾಡಬೇಕು.

ಮೇಲಿನ ಬಿಜಾಗರಿಯೇ ಮೊದಲು ಏಕೆ ಕೀಳುತ್ತದೆ? ಎಂಟು ಅಡಿ ಅಗಲ, ಹತ್ತು ಅಡಿ ಎತ್ತರದ ಒಂದು ಕದ ಇದೆಯೆನ್ನಿ. 2 ಮಿ.ಮೀ. ದಪ್ಪದ ತಗಡೇ ಸುಮಾರು 115 ಕೆ.ಜಿ. ತೂಗುತ್ತದೆ, ಚೌಕಟ್ಟು, ಅಡ್ಡಪಟ್ಟಿ, ಚಿಲಕ ಸೇರಿ 200 ಕೆ.ಜಿ. ಆಸುಪಾಸಿಗೆ ಬರುತ್ತದೆ. ಈ ಭಾರ ಕದದ ನಡುವೆ, ಅಂದರೆ ಕಂಬದಿಂದ ನಾಲ್ಕು ಅಡಿ ಆಚೆ ಜಗ್ಗುತ್ತದೆ. ಮೇಲಿನ ಮತ್ತು ಕೆಳಗಿನ ಬಿಜಾಗರಿಗಳ ನಡುವೆ ಎಂಟು ಅಡಿ ಅಂತರವಿದ್ದರೆ ಮೇಲಿನದನ್ನು ಕಂಬದಿಂದ ಹೊರಗೆ ಎಳೆಯುವ ಬಲ 100 ಕೆ.ಜಿ.ಯಷ್ಟು. ಅಂತರ ನಾಲ್ಕೇ ಅಡಿಯಾದರೆ ಅದೇ ಎಳೆತ 200 ಕೆ.ಜಿ.ಗೆ ಏರುತ್ತದೆ. ಕೆಳಗಿನದಕ್ಕೆ ಇಷ್ಟೇ ಬಲ ಬಿದ್ದರೂ ಅದು ಕಂಬದ ಕಡೆಗೆ ಒತ್ತುವ ಬಲ, ಕೀಳುವ ಬಲವಲ್ಲ. 50 ಕೆ.ಜಿ. ತೂಕದ ಹುಡುಗನೊಬ್ಬ ಕದದ ತುದಿಗೆ ಜೋತು ಉಯ್ಯಾಲೆ ಆಡಿದರೆ, ಎಂಟು ಅಡಿ ಅಂತರದ ಗೇಟಿಗೂ ಮೇಲೆ ಇನ್ನೊಂದು 50 ಕೆ.ಜಿ. ಎಳೆತ ಕೂಡಿಕೊಳ್ಳುತ್ತದೆ. ಆದ್ದರಿಂದಲೇ ಅನುಭವಸ್ಥ ಮಿಸ್ತ್ರಿಗಳು ಮೂರನೆಯ ಬಿಜಾಗರಿ ಕೂಡಿಸುವಾಗ ಅದನ್ನು ನಟ್ಟನಡುವೆ ಇಡದೆ ಮೇಲಿನದರ ಸಮೀಪ ಇಡುತ್ತಾರೆ.

ಇಷ್ಟು ಎಲ್ಲ ಊರಿಗೂ ಒಂದೇ ಲೆಕ್ಕ. ಈ ಸೀಮೆಯ ಗೇಟುಗಳಿಗೆ ಬೇರೆಯದೇ ಒಂದು ಕಾಟವಿದೆ: ಎರೆಮಣ್ಣು. ಡೋಣಿ, ಭೀಮಾ, ಕೃಷ್ಣಾ ತೀರಗಳ ಕರಿಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕೈ ತೂರುವಷ್ಟು ಅಗಲ ಬಿರಿಯುತ್ತದೆ. ಹಿಂಗಾರಿ ಜೋಳಕ್ಕೆ ತೇವ ಕಾಯ್ದಿಡುವ ಈ ಗುಣವೇ ಗೇಟಿನ ಕಂಬಕ್ಕೆ ಶತ್ರು. ಎರಡು-ಮೂರು ಅಡಿ ತೋಡಿ ಕಾಂಕ್ರೀಟು ಸುರಿದು ನಿಲ್ಲಿಸಿದ ಕಂಬ ವರ್ಷ ವರ್ಷವೂ ಕೊಂಚ ಏಳುತ್ತದೆ, ಕೊಂಚ ಕೂರುತ್ತದೆ, ಒಂದು ಕಡೆಗೆ ವಾಲುತ್ತದೆ. ಕಂಬ ವಾಲಿದರೆ ಬಿಜಾಗರಿಗಳ ಪಿನ್ನುಗಳು ಒಂದೇ ನೇರದಲ್ಲಿದ್ದರೂ ಆ ನೇರ ನೆಟ್ಟಗೆ ಇರುವುದಿಲ್ಲ. ಕದ ತಾನಾಗಿಯೇ ಒಂದು ಕಡೆಗೆ ಓಡುತ್ತದೆ, ಬಂದು ಬಡಿಯುತ್ತದೆ, ದಿನವೂ ಬಡಿದು ಬೆಸುಗೆ ಬಿರಿಯುತ್ತದೆ. ಇಂಥಲ್ಲಿ ಎಷ್ಟು ಸಲ ವೆಲ್ಡಿಂಗ್ ಮಾಡಿದರೂ ಮುಂದಿನ ಬೇಸಿಗೆಗೆ ಮತ್ತೆ ಅದೇ ಹಾಡು.

ಆದ್ದರಿಂದ ಒಳ್ಳೆಯ ಮಿಸ್ತ್ರಿ ಬಂದವನೇ ವೆಲ್ಡಿಂಗ್ ಕಡ್ಡಿ ಹಿಡಿಯುವುದಿಲ್ಲ. ಮೊದಲು ತೂಗುಗುಂಡು ಬಿಟ್ಟು ಕಂಬ ನೋಡುತ್ತಾನೆ. ವಾಲಿದ್ದು ಅಲ್ಪವಾದರೆ ಬಿಜಾಗರಿಯ ಹಿಂದೆ ತೆಳು ಪಟ್ಟಿ ಕೊಟ್ಟು ಸರಿದೂಗಿಸಬಹುದು. ಹೆಚ್ಚಾದರೆ ಗೌಂಡಿಯನ್ನು ಕರೆಸಿ, ಎರೆ ದಾಟಿ ಗರಸು ಸಿಗುವವರೆಗೆ ತೋಡಿಸಿ ಕಂಬವನ್ನೇ ಹೊಸದಾಗಿ ನಿಲ್ಲಿಸಬೇಕು. ಎರೆ ತುಂಬ ಆಳವಿದ್ದ ಕಡೆಗಾಗಿ, ಬುಡದಲ್ಲಿ ಅಗಲವಾಗಿ ಅರಳುವ ಅಂಡರ್-ರೀಮ್ಡ್ ಪೈಲ್ ಪದ್ಧತಿಯನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದಿದೆ. ಎರಡು ಗೇಟುಕಂಬಗಳನ್ನು ನೆಲದಡಿ ಒಂದು ಕಾಂಕ್ರೀಟ್ ತೊಲೆಯಿಂದ ಜೋಡಿಸಿದರೂ ಬಹಳ ಉಪಕಾರ. ಈ ಮಾತು ಹೇಳಿದರೆ ಮಾಲಕರಿಗೆ ಖರ್ಚಿನ ಚಿಂತೆ. ಹೇಳದೆ ಒಂದು ಟ್ಯಾಕ್ (ಚುಕ್ಕಿ ಬೆಸುಗೆ) ಹೊಡೆದು ಹೋದವನು ಅವರಿಗೆ ಆ ದಿನ ಅಗ್ಗವಾಗಿ ಕಾಣುತ್ತಾನೆ. ನಿಷ್ಠೆಯ ಕೆಲಸಗಾರನಿಗೆ ನಷ್ಟವಾಗುವುದು ಇಲ್ಲಿಯೇ.

ಇನ್ನು ಬೆಸುಗೆಯ ಕೆಲಸ. ಕದದ ಕೆಳಗೆ ಜಾಕ್ ಅಥವಾ ಕಟ್ಟಿಗೆಯ ಬೆಣೆ ಕೊಟ್ಟು ಬಿಜಾಗರಿಯ ಮೇಲಿನ ಭಾರ ಪೂರ್ತಿ ಇಳಿಸಬೇಕು. ಬಿರುಕು ಬಿಟ್ಟ ಹಳೆ ಬೆಸುಗೆಯ ಮೇಲೆಯೇ ಹೊಸದು ಬಳಿಯುವುದು ಎಲ್ಲಕ್ಕಿಂತ ಕೆಟ್ಟ ಚಾಳಿ. ಗ್ರೈಂಡರ್ ಹಿಡಿದು ಹಳೆಯದನ್ನು ಹಸಿ ಲೋಹದವರೆಗೆ ತೆಗೆಯಬೇಕು. ಬಿರುಕು ಚೌಕಟ್ಟಿನೊಳಗೆ ಓಡಿದ್ದರೆ ಅದರ ತುದಿಗೆ ಸಣ್ಣ ತೂತು ಕೊರೆದು ಮುಂದೆ ಓಡದಂತೆ ತಡೆದು, ಬಿರುಕಿನುದ್ದಕ್ಕೂ ಕಾಲುವೆಯಂತೆ ತೋಡಿ ತುಂಬಬೇಕು. ಚೌಕಟ್ಟಿನ ಪೈಪು ತೆಳುವಾಗಿದ್ದಾಗ ಬಿಜಾಗರಿಯನ್ನು ನೇರ ಅದಕ್ಕೆ ಬೆಸೆದರೆ ಬೆಸುಗೆ ಉಳಿಯುತ್ತದೆ, ಪಕ್ಕದ ಪೈಪು ಹರಿಯುತ್ತದೆ. ಅದಕ್ಕೇ 6 ಮಿ.ಮೀ. ದಪ್ಪದ, ಬಿಜಾಗರಿಗಿಂತ ದೊಡ್ಡದಾದ, ಮೂಲೆ ದುಂಡಗೆ ಮಾಡಿದ ಪಟ್ಟಿಯನ್ನು ನಡುವೆ ಕೊಡುವುದು. ಎಳೆತ ಒಂದೆಡೆ ಸೇರದೆ ಅಗಲಕ್ಕೆ ಹಂಚಿಹೋಗುತ್ತದೆ. ಸವೆದ ಪಿನ್ನಿನ ಜಾಗಕ್ಕೆ ಕೈಗೆ ಸಿಕ್ಕ ಸಳಿ ತುರುಕದೆ ಲೇತಿನಲ್ಲಿ ಅಳತೆಗೆ ತೆಗೆದ ಗಟ್ಟಿ ಉಕ್ಕಿನ ಪಿನ್ನು, ಅದಕ್ಕೊಂದು ಬುಷ್, ಗ್ರೀಸ್ ತುಂಬಲು ನಿಪ್ಪಲ್ ಇರಬೇಕು. ಎಲ್ಲ ಬಿಜಾಗರಿಗಳೊಳಗೆ ಒಂದೇ ಉದ್ದ ಸಳಿ ತೂರಿಸಿ ಅವು ಒಂದೇ ನೇರದಲ್ಲಿವೆ ಎಂದು ಖಾತ್ರಿ ಮಾಡಿಕೊಂಡು ಟ್ಯಾಕ್ ಹೊಡೆದು, ಕದ ತಿರುಗಿಸಿ ನೋಡಿ, ಆಮೇಲೆ ಪೂರ್ತಿ ಬೆಸೆಯುವುದು. ಬೆಸುಗೆ ಆರುವಾಗ ಲೋಹವನ್ನು ತನ್ನ ಕಡೆಗೆ ಎಳೆಯುತ್ತದೆ, ಆದ್ದರಿಂದ ಒಂದೇ ಬದಿ ಮುಗಿಸದೆ ಅತ್ತ ಸ್ವಲ್ಪ, ಇತ್ತ ಸ್ವಲ್ಪ. ಅರ್ಥಿಂಗ್ ಕ್ಲ್ಯಾಂಪು ಬೆಸೆಯುವ ಜಾಗದ ಹತ್ತಿರವೇ ಇರಬೇಕು. ಬೇರಿಂಗ್ ಇರುವ ಗೇಟಿನಲ್ಲಿ ದೂರ ಕಚ್ಚಿಸಿದರೆ ವಿದ್ಯುತ್ತು ಅದರ ಮೂಲಕ ಹರಿದು ಗುಂಡುಗಳ ಮೈ ಸುಟ್ಟು ಕುಳಿ ಬೀಳುತ್ತದೆ.

ಕೆಲವು ಕಡೆ ಕದವನ್ನು ಕಳಚಿ ಹೊರಗೆ ಒಯ್ಯದೆ ಬೆಸೆಯಲೇಬಾರದು. ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಗಾಳಿಯೊಳಗೇ ಹತ್ತಿಯ ಎಳೆ ತೇಲುತ್ತಿರುತ್ತದೆ. ಗೋಣಿಚೀಲದ ಗೋದಾಮಿನಲ್ಲಿ ಬಿದ್ದ ಕಿಡಿ ತಾಸುಗಟ್ಟಲೆ ಒಳಗೊಳಗೇ ಹೊಗೆಯಾಡಿ ರಾತ್ರಿ ಹೊತ್ತುತ್ತದೆ. ಒಣದ್ರಾಕ್ಷಿ ಇಡುವ ಶೀತಲಗೃಹದ ಬಾಗಿಲೊಳಗೆ ಪಫ್ ನೊರೆ ಇರುತ್ತದೆ. ಅದಕ್ಕೆ ಬೆಂಕಿ ತಗಲಿದರೆ ವಿಷದ ಹೊಗೆ. ಅಂಥ ಬಾಗಿಲಿಗೆ ಪಟ್ಟಿ ಕೊಟ್ಟು ಬೋಲ್ಟು ಬಿಗಿಯುವುದೊಂದೇ ದಾರಿ. ಜಿಂಕ್ ಲೇಪದ ತಗಡನ್ನು ಉಜ್ಜದೆ ಬೆಸೆದರೆ ಮಿಸ್ತ್ರಿಗೇ ರಾತ್ರಿ ಚಳಿಜ್ವರ. ಹೊಸ ಶೋರೂಮುಗಳ ಗಾಜಿನ ಬಾಗಿಲಿಗೆ ನೆಲದೊಳಗಿನ ಫ್ಲೋರ್ ಸ್ಪ್ರಿಂಗ್ ಇರುತ್ತದೆ. ಎಣ್ಣೆ ಸೋರಿದರೆ ಬದಲಿಸುವುದೇ ಸರಿ.

ಹಳೆಯ ವಾಡೆಗಳಲ್ಲಿ, ಊರ ಅಗಸಿಯಲ್ಲಿ ಕಬ್ಬಿಣದ ಬಿಜಾಗರಿಯೇ ಇರಲಿಲ್ಲ. ಕದದ ಹಲಗೆಯ ತುದಿಯನ್ನೇ ಮೇಲೆ ಕೆಳಗೆ ದುಂಡಗೆ ಕೆತ್ತಿ ಕಲ್ಲಿನ ಕುಳಿಯಲ್ಲಿ ಕೂಡಿಸುತ್ತಿದ್ದರು. ಇಡೀ ಭಾರ ಕೆಳಗಿನ ಕಲ್ಲಿನ ಮೇಲೆ ಕೂರುತ್ತಿತ್ತು. ಮೇಲಿನದಕ್ಕೆ ಕದ ವಾಲದಂತೆ ಹಿಡಿಯುವಷ್ಟೇ ಕೆಲಸ. ಇಂದು ಭಾರೀ ಗೇಟಿಗೆ ಬುಡದಲ್ಲಿ ಬೇರಿಂಗ್ ಕೂಡಿಸುವ ಮಿಸ್ತ್ರಿಗಳು ಬಡಿಗ-ಕಮ್ಮಾರರ ಅದೇ ಲೆಕ್ಕವನ್ನು ಉಕ್ಕಿನಲ್ಲಿ ಮುಂದುವರಿಸಿದ್ದಾರೆ. ಒಂದೇ ವರ್ಷದ ಐಟಿಐ ವೆಲ್ಡರ್ ತರಬೇತಿಯಲ್ಲಿ ಬೆಸುಗೆ ಕಲಿಯಬಹುದು. ಭಾರ ಎಲ್ಲಿ ಕೂರಬೇಕೆಂಬ ಈ ತಿಳಿವಳಿಕೆ ಹಳೆಯ ಕೈಗಳ ಜೊತೆಗಿದ್ದೇ ಬರಬೇಕು.

ಗ್ರೀಸಿನ ಮಾತನ್ನು ಹಗುರವಾಗಿ ಎಣಿಸಬಾರದು. ಇದೇ ಸೀಮೆಯ ಆಲಮಟ್ಟಿ ಜಲಾಶಯದ 26 ರೇಡಿಯಲ್ ಗೇಟುಗಳು ತಿರುಗುವುದೂ ಟ್ರನಿಯನ್ ಎಂಬ ದಪ್ಪ ಪಿನ್ನುಗಳ ಮೇಲೆಯೇ. ಅಮೆರಿಕದ ಕ್ಯಾಲಿಫೋರ್ನಿಯಾದ ಫಾಲ್ಸಮ್ ಅಣೆಕಟ್ಟಿನಲ್ಲಿ 1995ರ ಜುಲೈ 17ರಂದು ಇಂಥದೇ ಒಂದು ಗೇಟು ಎತ್ತುವಾಗಲೇ ಮುರಿದು ನೀರು ನುಗ್ಗಿತು. ಪಿನ್ನು ತುಕ್ಕು ಹಿಡಿದು, ಸಾಕಷ್ಟು ಗ್ರೀಸ್ ಇಲ್ಲದೆ ತಿಕ್ಕಾಟ ಹೆಚ್ಚಿ, ಗೇಟಿನ ತೋಳುಗಳು ಅದನ್ನು ತಾಳಲಾರದೆ ಬಗ್ಗಿದ್ದವು. ಗೋದಾಮಿನ ಗೇಟಿನಲ್ಲಿ ಜೀವಕ್ಕೆ ಅಪಾಯ ಅಷ್ಟು ದೊಡ್ಡದಲ್ಲ ಎನ್ನಬೇಡಿ; 200 ಕೆ.ಜಿ. ಕದ ಹಮಾಲನ ಮೇಲೆ ಬಿದ್ದರೆ ಆ ಮನೆಗೆ ಅದಕ್ಕಿಂತ ದೊಡ್ಡ ಅಪಾಯ ಇನ್ನಾವುದು?

ಎರೆನೆಲದಲ್ಲಿ ಗೇಟಿರುವವರು ವರ್ಷಕ್ಕೆ ಎರಡು ಸಲ ನೋಡಿಕೊಳ್ಳಬೇಕು: ನೆಲ ಬಿರಿದ ಏಪ್ರಿಲ್‌ನಲ್ಲಿ ಒಮ್ಮೆ, ಮಳೆ ಹಿಡಿದು ನೆಲ ಉಬ್ಬಿದ ಸೆಪ್ಟೆಂಬರಿನಲ್ಲಿ ಒಮ್ಮೆ. ಎರಡು ಕದಗಳು ಕೂಡುವಲ್ಲಿ ಸಂದಿಯನ್ನು ಮೇಲೆ ಒಂದು, ಕೆಳಗೆ ಒಂದು ಅಳೆದು ಕಂಬದ ಮೇಲೆ ಬಣ್ಣದಲ್ಲಿ ಬರೆದಿಡಿ. ಮೇಲಿನ ಸಂದಿ ಕಿರಿದಾಗುತ್ತ ಬಂದರೆ ಕಂಬ ಒಳಗೆ ವಾಲುತ್ತಿದೆ, ಇಲ್ಲವೇ ಮೇಲಿನ ಬಿಜಾಗರಿ ಬಿಡುತ್ತಿದೆ. ಆಷಾಢದ ಗಾಳಿಗೆ ತೆರೆದ ಕದ ಬಡಿಯದಂತೆ ಗೋಡೆಗೊಂದು ಕೊಂಡಿ ಹಾಕಿಸಿ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿಯೂ ಮೇಲೆ ಹೇಳಿದ ಎಂಟು-ಹತ್ತು ಅಡಿಯ ಕದವನ್ನು 45 ಕೆ.ಜಿ.ಯಷ್ಟು ಬಲದಿಂದ ನೂಕಬಲ್ಲದು. ಮಿಸ್ತ್ರಿ ಬಂದು ಮೊದಲು ತೂಗುಗುಂಡು ಬಿಟ್ಟರೆ ಅವನು ಕೇಳಿದ ಕೂಲಿಗೆ ಚೌಕಾಶಿ ಮಾಡಬೇಡಿ.