ಕಂಪ್ಯೂಟರ್ ಕಾಯಿಸಿದ ಈಜುಕೊಳ

ಮಕ್ಕಳೇ, ಹಳೆಯ ಮನೆಗಳ ಅಡುಗೆಮನೆಯಲ್ಲಿ ಸೌದೆ ಒಲೆಯ ಪಕ್ಕದಲ್ಲೇ ಇನ್ನೊಂದು ಪುಟ್ಟ ಒಲೆ ಇರುವುದನ್ನು ನೀವು ನೋಡಿರಬಹುದು. ಅದಕ್ಕೆ ಕೋಡೊಲೆ ಎನ್ನುತ್ತಾರೆ. ಕೋಡೊಲೆಗೆ ಯಾರೂ ಬೇರೆ ಸೌದೆ ಇಡುವುದಿಲ್ಲ. ದೊಡ್ಡ ಒಲೆಯಲ್ಲಿ ಅನ್ನ ಬೇಯುವಾಗ ಮಿಕ್ಕ ಉರಿ ಒಂದು ಕಿಂಡಿಯ ಮೂಲಕ ಈ ಕಡೆ ಹಾಯುತ್ತದೆ. ಅಷ್ಟರಲ್ಲೇ ಸಾರು ಬಿಸಿಯಾಗುತ್ತದೆ, ಹಾಲು ಕಾಯುತ್ತದೆ. ಇಂಥದೇ ಉಪಾಯವನ್ನು ದೂರದ ಇಂಗ್ಲೆಂಡಿನ ಒಂದು ಸಣ್ಣ ಪಟ್ಟಣದಲ್ಲಿ ಈಜುಕೊಳಕ್ಕೆ ಬಳಸಿದರು. ಅಲ್ಲಿ ಉರಿದದ್ದು ಸೌದೆಯಲ್ಲ. ಲೆಕ್ಕ ಮಾಡುತ್ತಿದ್ದ ಕಂಪ್ಯೂಟರುಗಳ ಬಿಸಿ!

ಆ ಊರಿನ ಹೆಸರು ಎಕ್ಸ್‌ಮತ್. ಇಂಗ್ಲೆಂಡಿನ ನೈಋತ್ಯ ಭಾಗದ ಡೆವನ್ ಪ್ರಾಂತದಲ್ಲಿ, ಎಕ್ಸ್ ಎಂಬ ನದಿ ಕಡಲು ಸೇರುವ ಜಾಗದಲ್ಲಿದೆ. ‘ಮತ್’ ಎಂದರೆ ಬಾಯಿ, ಅಂದರೆ ನದಿಯ ಬಾಯಿ. ನಮ್ಮ ಕರಾವಳಿಯವರು ಇಂಥ ಜಾಗವನ್ನು ಅಳಿವೆ ಎನ್ನುತ್ತಾರೆ. ಉಬ್ಬರ ಇಳಿತದ ಹೊತ್ತಿನಲ್ಲಿ ಅಳಿವೆಯ ನೀರು ಎಷ್ಟು ರಭಸವಾಗಿ ಹರಿಯುತ್ತದೆಂದು ಅಲ್ಲಿನ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಅಂಥ ಊರಿನಲ್ಲಿ ಈಜು ಕಲಿಯುವುದು ಬರೀ ಆಟವಲ್ಲ, ಜೀವ ಉಳಿಸುವ ವಿದ್ಯೆ. ಇಂಗ್ಲೆಂಡಿನ ಪಠ್ಯಕ್ರಮದಲ್ಲಂತೂ ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಪ್ರತಿ ಮಗುವೂ ಕನಿಷ್ಠ 25 ಮೀಟರ್ ದೂರ ಈಜಲು ಕಲಿತಿರಬೇಕು ಎಂಬ ನಿಯಮವೇ ಇದೆ.

ಎಕ್ಸ್‌ಮತ್‌ನಲ್ಲಿ ಊರವರಿಗೆಲ್ಲ ಸೇರಿದ ಒಂದು ಕ್ರೀಡಾ ಮತ್ತು ಮನರಂಜನಾ ಕೇಂದ್ರವಿದೆ. ಒಳಾಂಗಣ ಆಟಗಳಿಗೆ ದೊಡ್ಡ ಹಜಾರ, ವ್ಯಾಯಾಮ ಶಾಲೆ, ಜೊತೆಗೆ ಚಾವಣಿ ಹೊದಿಸಿದ ಈಜುಕೊಳ ಅಲ್ಲಿವೆ. ಅದು ಚಳಿಯ ದೇಶ. ಕೊಳದ ನೀರನ್ನು ವರ್ಷವಿಡೀ ಬೆಚ್ಚಗೆ ಇಡದಿದ್ದರೆ ಪುಟ್ಟ ಮಕ್ಕಳು ಇಳಿಯುವಂತಿಲ್ಲ. ಈ ಕೆಲಸವನ್ನು ಅನಿಲ ಉರಿಸುವ ದೊಡ್ಡ ಬಾಯ್ಲರ್ ಮಾಡುತ್ತಿತ್ತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಯೂರೋಪಿನಲ್ಲಿ ಅನಿಲದ ಬೆಲೆ ವಿಪರೀತ ಏರಿತು. ಒಂದೇ ವರ್ಷದಲ್ಲಿ ತಮ್ಮ ಇಂಧನ ಖರ್ಚು 1,00,000 ಪೌಂಡಿನಷ್ಟು, ಅಂದರೆ ಸುಮಾರು 1 ಕೋಟಿ ರೂಪಾಯಿಯಷ್ಟು, ಹೆಚ್ಚಬಹುದೆಂದು ಕೇಂದ್ರ ನಡೆಸುವವರು ಹೆದರಿದ್ದರು. ಆ ಹೆದರಿಕೆಗೆ ಕಾರಣವಿತ್ತು. 2019ರಿಂದ 2022ರ ಬೇಸಿಗೆಯೊಳಗೆ ಅಲ್ಲಿ 65 ಈಜುಕೊಳಗಳು ಬಾಗಿಲು ಹಾಕಿದ್ದವು. ಇಂಧನದ ಬೆಲೆ ಏರಿದ್ದು ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು.

ಒಂದು ಕೊಳ ಕಾಯಿಸಲು ಇಷ್ಟೊಂದು ಖರ್ಚೇ? ಬನ್ನಿ, ನಾವೇ ಲೆಕ್ಕ ಹಾಕೋಣ. 25 ಮೀಟರ್ ಉದ್ದ, 10 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಒಂದು ಕೊಳವನ್ನು ಊಹಿಸಿಕೊಳ್ಳಿ. ಗುಣಿಸಿದರೆ 375 ಘನ ಮೀಟರ್. ಒಂದು ಘನ ಮೀಟರಿಗೆ 1000 ಲೀಟರ್. ಅಂದರೆ 3,75,000 ಲೀಟರ್ ನೀರು. ನೀರು ಬೇಗ ಬಿಸಿಯಾಗುವ ವಸ್ತುವಲ್ಲ. ಒಂದು ಯೂನಿಟ್ ವಿದ್ಯುತ್ತಿನಲ್ಲಿರುವ ಶಕ್ತಿಯಿಂದ ಸುಮಾರು 860 ಲೀಟರ್ ನೀರನ್ನು ಕೇವಲ 1 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಬಹುದು. ಹಾಗಾದರೆ ಈ ಕೊಳವನ್ನು 1 ಡಿಗ್ರಿ ಏರಿಸಲು ಸುಮಾರು 436 ಯೂನಿಟ್ ಬೇಕು. ತಿಂಗಳಿಗೆ 50 ಯೂನಿಟ್ ಬಳಸುವ ಮನೆಯಲ್ಲಿ ಅಷ್ಟು ವಿದ್ಯುತ್ತು ಎಂಟು ತಿಂಗಳಿಗೂ ಮೀರಿ ಸಾಕಾಗುತ್ತದೆ!

ಒಮ್ಮೆ ಕಾಯಿಸಿದರೆ ಮುಗಿಯಿತೇ? ಇಲ್ಲ. ಕೊಳದ ಮೇಲ್ಮೈಯಿಂದ ನೀರು ಹಗಲೂ ರಾತ್ರಿಯೂ ಆವಿಯಾಗುತ್ತಿರುತ್ತದೆ. ಆವಿಯಾಗುವ ನೀರು ತನ್ನ ಜೊತೆ ಉಷ್ಣವನ್ನೂ ಹೊತ್ತೊಯ್ಯುತ್ತದೆ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದು ಇದರಿಂದಲೇ ತಾನೆ? ಕೊಳದಿಂದ ಒಂದು ಲೀಟರ್ ನೀರು ಆವಿಯಾಗಿ ಹೋದರೆ, ಸುಮಾರು 580 ಲೀಟರ್ ನೀರನ್ನು 1 ಡಿಗ್ರಿ ಬಿಸಿ ಮಾಡುವಷ್ಟು ಉಷ್ಣ ಅದರೊಡನೆ ಹೋಗಿಬಿಡುತ್ತದೆ. ಆದ್ದರಿಂದ ಬಾಯ್ಲರ್ ಉರಿಯುತ್ತಲೇ ಇರಬೇಕು.

ಈಗ ಕಂಪ್ಯೂಟರಿನ ಕಡೆ ಬರೋಣ. ನೀವು ಮೊಬೈಲಿನಲ್ಲಿ ಒಂದು ಚಿತ್ರ ನೋಡುವಾಗ, ಅಥವಾ ಒಂದು ಪ್ರಶ್ನೆಗೆ ಅಂತರ್ಜಾಲದಲ್ಲಿ ಉತ್ತರ ಹುಡುಕುವಾಗ, ಆ ಕೆಲಸ ನಿಮ್ಮ ಕೈಯಲ್ಲಿರುವ ಮೊಬೈಲಿನೊಳಗೆ ಮಾತ್ರ ನಡೆಯುವುದಿಲ್ಲ. ಎಲ್ಲೋ ದೂರದ ಕಟ್ಟಡದಲ್ಲಿ ಸಾಲಾಗಿ ಜೋಡಿಸಿದ ಸಾವಿರಾರು ಕಂಪ್ಯೂಟರುಗಳು ಅದರಲ್ಲಿ ಪಾಲುಗೊಳ್ಳುತ್ತವೆ. ಇಂಥ ಕಟ್ಟಡಗಳಿಗೆ ದತ್ತಾಂಶ ಕೇಂದ್ರ ಎಂದು ಹೆಸರು. ಬಹಳ ಹೊತ್ತು ಬಳಸಿದ ಮೊಬೈಲ್ ಬಿಸಿಯಾಗುವುದನ್ನು ನೀವು ಗಮನಿಸಿದ್ದೀರಿ. ಕಂಪ್ಯೂಟರಿಗೂ ಹಾಗೆಯೇ ಆಗುತ್ತದೆ. ಅದರೊಳಗಿನ ಸೂಕ್ಷ್ಮ ದಾರಿಗಳಲ್ಲಿ ವಿದ್ಯುತ್ತು ಹರಿಯುವಾಗ ತಡೆ ಎದುರಾಗುತ್ತದೆ, ಉಷ್ಣ ಹುಟ್ಟುತ್ತದೆ. ಕಂಪ್ಯೂಟರ್ ಎಷ್ಟೇ ಕಷ್ಟದ ಲೆಕ್ಕ ಮಾಡಲಿ, ಅದು ಬಳಸಿದ ವಿದ್ಯುತ್ತೆಲ್ಲ ಹೆಚ್ಚುಕಡಿಮೆ ಕೊನೆಗೆ ಉಷ್ಣವೇ ಆಗುತ್ತದೆ. ಈ ಉಷ್ಣವನ್ನು ಹೊರಗೆ ಹಾಕದಿದ್ದರೆ ಯಂತ್ರ ಕೆಡುತ್ತದೆ. ಅದಕ್ಕಾಗಿ ಫ್ಯಾನು, ತಂಪುಗೊಳಿಸುವ ಯಂತ್ರ ಇತ್ಯಾದಿಗಳನ್ನು ಓಡಿಸುತ್ತಾರೆ. ಅವಕ್ಕೂ ವಿದ್ಯುತ್ತೇ ಬೇಕು! ದುಡ್ಡು ಕೊಟ್ಟು ಪಡೆದ ಬಿಸಿಯನ್ನು ಮತ್ತೆ ದುಡ್ಡು ಕೊಟ್ಟು ಗಾಳಿಗೆ ಎಸೆದಂತೆ.

ಒಂದು ಕಡೆ ಬಿಸಿ ಬೇಡವಾಗಿದೆ, ಇನ್ನೊಂದು ಕಡೆ ಬಿಸಿ ಸಾಲದಾಗಿದೆ. ಎರಡನ್ನೂ ಒಂದೇ ಕಟ್ಟಡಕ್ಕೆ ತಂದರೆ? ಡೀಪ್ ಗ್ರೀನ್ ಎಂಬ ಸಂಸ್ಥೆ ಎಕ್ಸ್‌ಮತ್ ಕೇಂದ್ರದಲ್ಲಿ ಅದನ್ನೇ ಮಾಡಿತು. 2023ರ ಮಾರ್ಚ್‌ನಲ್ಲಿ ಈ ಸುದ್ದಿ ಜಗತ್ತಿಗೆಲ್ಲ ತಿಳಿಯಿತು. ಅಲ್ಲಿ ಇಟ್ಟದ್ದು ಬಟ್ಟೆ ಒಗೆಯುವ ಯಂತ್ರದಷ್ಟು ಗಾತ್ರದ ಒಂದು ಬಿಳಿ ಪೆಟ್ಟಿಗೆ ಮಾತ್ರ. ಅದರೊಳಗಿನ ಕಂಪ್ಯೂಟರುಗಳು ಖನಿಜ ತೈಲದಲ್ಲಿ ಪೂರ್ತಿ ಮುಳುಗಿದ್ದವು.

ವಿದ್ಯುತ್ ಯಂತ್ರವನ್ನು ಎಣ್ಣೆಯಲ್ಲಿ ಮುಳುಗಿಸುವುದೇ ಎಂದು ನಿಮಗೆ ಆಶ್ಚರ್ಯವಾಗಬಹುದು. ನಿಮ್ಮ ಊರಿನ ರಸ್ತೆಯ ಪಕ್ಕದಲ್ಲಿರುವ, ಎಲ್ಲರೂ ‘ಟಿ.ಸಿ.’ ಎಂದು ಕರೆಯುವ ಟ್ರಾನ್ಸ್‌ಫಾರ್ಮರನ್ನು ನೆನೆಯಿರಿ. (ಹತ್ತಿರ ಹೋಗಬೇಡಿ, ದೂರದಿಂದಲೇ ನೋಡಿ.) ಅದರೊಳಗೂ ಸಾಮಾನ್ಯವಾಗಿ ಇಂಥ ಎಣ್ಣೆಯೇ ತುಂಬಿರುತ್ತದೆ. ಖನಿಜ ತೈಲ ವಿದ್ಯುತ್ತನ್ನು ಹರಿಯಗೊಡುವುದಿಲ್ಲ; ಅದು ಅವಾಹಕ. ಆದರೆ ಉಷ್ಣವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಒಂದು ಲೀಟರ್ ಎಣ್ಣೆ, ಒಂದು ಲೀಟರ್ ಗಾಳಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಉಷ್ಣವನ್ನು ಹೊರಬಲ್ಲದು. ಹಾಗಾಗಿ ಫ್ಯಾನಿನ ಗಾಳಿಗಿಂತ ಎಣ್ಣೆಯೇ ವಾಸಿ.

ಬಿಸಿಯಾದ ಎಣ್ಣೆಯನ್ನು ಕೊಳಕ್ಕೆ ಸುರಿಯಲಾಗುವುದಿಲ್ಲವಲ್ಲ! ಇಲ್ಲಿ ಉಷ್ಣ ವಿನಿಮಯಕ ಎಂಬ ಸಾಧನ ಕೆಲಸಕ್ಕೆ ಬರುತ್ತದೆ. ತೆಳುವಾದ ಲೋಹದ ಗೋಡೆಯೊಂದನ್ನು ಊಹಿಸಿಕೊಳ್ಳಿ. ಒಂದು ಬದಿಯಲ್ಲಿ ಬಿಸಿ ಎಣ್ಣೆ, ಇನ್ನೊಂದು ಬದಿಯಲ್ಲಿ ಕೊಳದ ತಣ್ಣನೆಯ ನೀರು ಹರಿಯುತ್ತವೆ. ಉಷ್ಣ ಯಾವಾಗಲೂ ಬಿಸಿ ಇರುವ ಕಡೆಯಿಂದ ತಂಪು ಇರುವ ಕಡೆಗೆ ತಾನಾಗಿ ಸಾಗುತ್ತದೆ. ಆದ್ದರಿಂದ ಗೋಡೆಯನ್ನು ದಾಟುವುದು ಉಷ್ಣ ಮಾತ್ರ. ಎಣ್ಣೆಯ ಒಂದು ಹನಿಯೂ ನೀರಿಗೆ ಸೇರುವುದಿಲ್ಲ. ಬಿಸಿ ಹಾಲಿನ ಲೋಟವನ್ನು ತಣ್ಣೀರಿನ ಬಟ್ಟಲಿನಲ್ಲಿಟ್ಟು ಅಮ್ಮ ಹಾಲು ಆರಿಸುತ್ತಾರಲ್ಲ, ಆಗ ಆ ಸ್ಟೀಲ್ ಲೋಟವೇ ಉಷ್ಣ ವಿನಿಮಯಕ.

ಈ ಪುಟ್ಟ ಪೆಟ್ಟಿಗೆ ಕೊಳದ ನೀರನ್ನು ನೂರರಲ್ಲಿ 60 ಪಾಲು ಸಮಯ ಸುಮಾರು 30 ಡಿಗ್ರಿಯಲ್ಲಿ ಇಡಲು ಸಾಕಾಯಿತು. ಮಿಕ್ಕ ಸಮಯಕ್ಕೆ ಹಳೆಯ ಬಾಯ್ಲರ್ ಬೇಕೇ ಬೇಕು. ಪೆಟ್ಟಿಗೆಯನ್ನು ಕೇಂದ್ರಕ್ಕೆ ಉಚಿತವಾಗಿ ಕೊಟ್ಟರು. ಅದು ಬಳಸುವ ವಿದ್ಯುತ್ತಿನ ಹಣವನ್ನೂ ಸಂಸ್ಥೆಯೇ ತುಂಬಿಕೊಡುವುದೆಂದು ಒಪ್ಪಂದವಾಯಿತು. ಸಂಸ್ಥೆಗೆ ಇದರಿಂದ ಏನು ಲಾಭ ಎಂದಿರಾ? ಕಂಪ್ಯೂಟರಿನ ಕೆಲಸವನ್ನು ಬೇರೆಯವರಿಗೆ ಮಾರಿ ಅದು ಹಣ ಗಳಿಸುತ್ತದೆ. ತಂಪು ಮಾಡುವ ಖರ್ಚು ಉಳಿಯುತ್ತದೆ.

ಹಾಗೆಂದು ಈ ಬಿಸಿ ಮಾಲಿನ್ಯವೇ ಇಲ್ಲದೆ ಬಂತು ಎಂದುಕೊಳ್ಳಬೇಡಿ. ಕಂಪ್ಯೂಟರಿಗೆ ವಿದ್ಯುತ್ತು ಎಲ್ಲಿಂದಲೋ ಬರಬೇಕು. ಅದನ್ನು ಕಲ್ಲಿದ್ದಲು ಅಥವಾ ಅನಿಲ ಸುಟ್ಟು ತಯಾರಿಸಿದ್ದರೆ ಅಲ್ಲಿ ಇಂಗಾಲದ ಡೈಆಕ್ಸೈಡ್ ಹೊರಬಿದ್ದೇ ಇರುತ್ತದೆ. ಆ ಲೆಕ್ಕಗಳು ಹೇಗೂ ಎಲ್ಲೋ ನಡೆಯಲೇಬೇಕಿತ್ತು. ಆ ಬಿಸಿ ಎರಡನೇ ಸಲ ಬಳಕೆಗೆ ಬಂದು, ಕೊಳದಲ್ಲಿ ಉರಿಯಬೇಕಿದ್ದ ಅನಿಲ ಉಳಿಯಿತು ಎಂಬುದಷ್ಟೇ ಗೆಲುವು. ನನಗೇನೋ ಅದು ಸಣ್ಣ ಗೆಲುವು ಎನಿಸುವುದಿಲ್ಲ.

ಈ ಆಲೋಚನೆ ತೀರಾ ಹೊಸದೂ ಅಲ್ಲ. ಸ್ವಿಟ್ಜರ್ಲೆಂಡಿನ ಊಟಿಕಾನ್ ಎಂಬ ಊರಿನ ಈಜುಕೊಳಕ್ಕೆ ದತ್ತಾಂಶ ಕೇಂದ್ರದ ಬಿಸಿ ಹಾಯಿಸುವ ಯೋಜನೆ 2008ರಲ್ಲೇ ಸುದ್ದಿಯಾಗಿತ್ತು. 2017ರಲ್ಲಿ ಪ್ಯಾರಿಸ್ ನಗರದ ಒಂದು ಹಳೆಯ ಈಜುಕೊಳವೂ ಇದೇ ದಾರಿ ಹಿಡಿಯಿತು. ಎಕ್ಸ್‌ಮತ್ ಪ್ರಯೋಗದ ಬಳಿಕ, 2024ರ ಜನವರಿಯಲ್ಲಿ, ಇನ್ನಷ್ಟು ಕೊಳಗಳಿಗೆ ಇದನ್ನು ವಿಸ್ತರಿಸಲು ಬ್ರಿಟನ್ನಿನ ಆಕ್ಟೋಪಸ್ ಎನರ್ಜಿ ಸಂಸ್ಥೆ 20 ಕೋಟಿ ಪೌಂಡ್ ಹೂಡಲು ಮುಂದಾಯಿತು.

ಬಿಸಿಲು ಹೇರಳವಾಗಿರುವ ನಮ್ಮ ಕಡೆ ಈಜುಕೊಳಕ್ಕೆ ಇಂಥ ಬಿಸಿ ಅಷ್ಟಾಗಿ ಬೇಡ. ಆದರೆ ಒಂದು ಚಿಕ್ಕ ಪ್ರಯೋಗವನ್ನು ನೀವೂ ಮಾಡಬಹುದು. ಒಂದೇ ಅಳತೆಯ ಎರಡು ಸ್ಟೀಲ್ ಬಟ್ಟಲು ತೆಗೆದುಕೊಳ್ಳಿ. ಎರಡಕ್ಕೂ ಸಮನಾಗಿ ಉಗುರು ಬೆಚ್ಚಗಿನ ನೀರು ಹಾಕಿ. ಒಂದರ ನೀರಿನ ಮೇಲ್ಮೈಗೆ ತಾಗುವಂತೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ಇನ್ನೊಂದನ್ನು ತೆರೆದಿಡಿ. ಹತ್ತು ಹತ್ತು ನಿಮಿಷಕ್ಕೊಮ್ಮೆ ಶಾಲೆಯ ಉಷ್ಣಮಾಪಕದಿಂದ ಎರಡರ ಉಷ್ಣತೆಯನ್ನೂ ಅಳೆದು ಬರೆದುಕೊಳ್ಳಿ. ಅನೇಕ ಈಜುಕೊಳಗಳಲ್ಲಿ ರಾತ್ರಿ ಹೊತ್ತು ನೀರಿನ ಮೇಲೆ ಹೊದಿಕೆ ಎಳೆಯುವುದೇಕೆ ಎಂದು ನಿಮ್ಮ ಅಂಕಿಗಳೇ ಹೇಳುತ್ತವೆ.