ಹಲ್ಲು ಮುರಿದರೆ ಡೇರಿಗೆ ಮೊದಲೋ, ಆಸ್ಪತ್ರೆಗೆ ಮೊದಲೋ?



ಹಸು ಒಂದು ಹೊತ್ತು ಮೇವು ಬಿಟ್ಟರೆ ಸಾಕು, ರಾತ್ರಿ ಹತ್ತಾದರೂ ನಮಗೆ ಫೋನ್ ಮಾಡುತ್ತೀರಿ. ಅದೇ ಹಸು ನೊಣ ಓಡಿಸಲು ತಲೆ ಒದರಿದಾಗ ಕೊಂಬು ತಗುಲಿ ನಿಮ್ಮ ಹಲ್ಲು ಮುರಿದರೆ, 'ಹಾಲು ಹಾಕಿ ಬಂದು ನೋಡೋಣ' ಎಂದು ಬಾಯಿಗೆ ಸೆರಗು ಒತ್ತಿಕೊಂಡು ಡೇರಿ ಸಾಲಿನಲ್ಲಿ ನಿಲ್ಲುತ್ತೀರಿ. ಮಾರಿಕುಪ್ಪಂ, ಬಂಗಾರಪೇಟೆ ಕಡೆ ಎಷ್ಟೋ ಮನೆಗಳಲ್ಲಿ ಗಂಡಸರು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟಿರುತ್ತಾರೆ. ಹೇಳುವವರೂ ಇಲ್ಲ, ಕರೆದುಕೊಂಡು ಹೋಗುವವರೂ ಇಲ್ಲ. ನಾನು ದನದ ಡಾಕ್ಟರ್. ನಿಮ್ಮ ಹಲ್ಲಿಗೆ ಚಿಕಿತ್ಸೆ ಕೊಡಬೇಕಾದವರು ದಂತವೈದ್ಯರು. ಆದರೆ ಯಾವ ಪೆಟ್ಟು ಕಾಯಬಹುದು, ಯಾವುದು ಕಾಯುವುದಿಲ್ಲ ಎಂಬುದು ನಿಮಗೆ ಗೊತ್ತಿರಲೇಬೇಕು.

ತಕ್ಷಣ ಹೊರಡಬೇಕಾದ ಲಕ್ಷಣಗಳು

ಬಾಯಿ ಮುಕ್ಕಳಿಸಿ ಕನ್ನಡಿ ನೋಡಿ. ಇವುಗಳಲ್ಲಿ ಒಂದಿದ್ದರೂ ಅಂದೇ ದಂತವೈದ್ಯರ ಬಳಿ ಹೋಗಿ.

• ಮುರಿದ ಜಾಗದ ನಡುವೆ ಕೆಂಪು ಚುಕ್ಕೆ ಅಥವಾ ರಕ್ತ ಕಾಣುತ್ತಿದೆ. ಹಲ್ಲಿನೊಳಗಿನ ನರ ತೆರೆದಿದೆ ಎಂದರ್ಥ.
• ಹಲ್ಲು ಅಲುಗಾಡುತ್ತಿದೆ, ಒಳಗೆ ಅಥವಾ ಹೊರಗೆ ಸರಿದಿದೆ.
• ಹಲ್ಲು ಬುಡಸಮೇತ ಕಿತ್ತು ಬಂದಿದೆ.
• ಮೇಲಿನ, ಕೆಳಗಿನ ಹಲ್ಲುಗಳು ಮೊದಲಿನಂತೆ ಕೂಡುತ್ತಿಲ್ಲ. ದವಡೆ ಮೂಳೆ ಮುರಿದಿರಬಹುದು.
• ಸ್ವಚ್ಛ ಬಟ್ಟೆ ಒತ್ತಿ 15 ನಿಮಿಷ ಹಿಡಿದರೂ ರಕ್ತ ನಿಲ್ಲುತ್ತಿಲ್ಲ.

ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದರೆ ಅಥವಾ ವಾಂತಿಯಾದರೆ ಹಲ್ಲಿನ ಮಾತು ಆಮೇಲೆ. 108ಕ್ಕೆ ಕರೆ ಮಾಡಿ. ಕೆಲವು ದಿನಗಳ ನಂತರ ಮುಖ ಊದಿ ಜ್ವರ ಬಂದರೆ, ನುಂಗಲು, ಉಸಿರಾಡಲು ಕಷ್ಟವಾದರೆ ಅದೂ ತುರ್ತು.

ತುದಿ ಚೂರು ಮಾತ್ರ ಹಾರಿ, ನೋವು, ರಕ್ತ ಇಲ್ಲದಿದ್ದರೆ ಎರಡು ಮೂರು ದಿನದಲ್ಲಿ ತೋರಿಸಿದರೂ ಆದೀತು. ಮುರಿದ ಚೂರು ಸಿಕ್ಕರೆ ಎಸೆಯಬೇಡಿ. ಅದನ್ನೇ ಅಂಟಿಸಲು ಸಾಧ್ಯವಾಗಬಹುದು.

ಕಿತ್ತುಬಂದ ಹಲ್ಲಿಗೆ ಹಾಲೇ ಆಸರೆ

ಬುಡಸಮೇತ ಬಂದ ಹಲ್ಲನ್ನು ಮತ್ತೆ ಕೂರಿಸಬಹುದು. ಆದರೆ ಬೇರಿನ ಮೇಲಿರುವ ಜೀವಕೋಶಗಳು ಒಣಗಿದರೆ ಸಾಯುತ್ತವೆ. ಅರ್ಧ ಗಂಟೆಯೊಳಗೆ ಕೂರಿಸಿದರೆ ಅತ್ಯುತ್ತಮ. ಒಂದು ಗಂಟೆ ಒಣಗಿದ್ದರೆ ಉಳಿಯುವುದು ಕಷ್ಟ.

ಹಲ್ಲನ್ನು ಬಿಳಿ ಭಾಗದಲ್ಲಿ ಹಿಡಿಯಿರಿ. ಬೇರನ್ನು ಮುಟ್ಟಬೇಡಿ, ಉಜ್ಜಬೇಡಿ. ಸಗಣಿ, ಮಣ್ಣು ಅಂಟಿದ್ದರೆ ತಣ್ಣನೆ ಹಾಲಿನಲ್ಲಿ ಒಮ್ಮೆ ತೊಳೆಯಿರಿ. ದೊಡ್ಡವರಾದರೆ, ಎಚ್ಚರ ಚೆನ್ನಾಗಿದ್ದರೆ, ಅದೇ ಕುಳಿಯಲ್ಲಿ ಮೆಲ್ಲಗೆ ಕೂರಿಸಿ, ಬಟ್ಟೆ ಕಚ್ಚಿಕೊಂಡು ಹೊರಡಿ. ಆಗದಿದ್ದರೆ ಸಣ್ಣ ಲೋಟದಲ್ಲಿ ತಣ್ಣನೆ ಹಾಲು ಹಾಕಿ, ಹಲ್ಲು ಮುಳುಗಿಸಿ ಕೊಂಡೊಯ್ಯಿರಿ. ಪ್ಯಾಕೆಟ್ ಹಾಲು ಅಥವಾ ಕಾಯಿಸಿ ಪೂರ್ತಿ ಆರಿಸಿದ ಹಾಲು ಒಳ್ಳೆಯದು. ಎರಡೂ ಇಲ್ಲದಿದ್ದರೆ ಆಗಷ್ಟೇ ಕರೆದ ಹಾಲಾದರೂ ಸರಿ. ಬಿಸಿ ಹಾಲು, ಮೊಸರು, ಮಜ್ಜಿಗೆ ಬೇಡ. ನೀರಿಗಿಂತ ಹಾಲು ಮೇಲು. ಸೆರಗಿನ ತುದಿಗೆ ಕಟ್ಟಿಕೊಂಡು ಹೋದರೆ ಹಲ್ಲು ಒಣಗಿ ಕೆಟ್ಟಿತು.

ಮಗುವಿನ ಹಾಲುಹಲ್ಲು ಬಿದ್ದರೆ ಮತ್ತೆ ಕೂರಿಸಬೇಡಿ; ಒಳಗೆ ಮೊಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. ಆದರೂ ದಂತವೈದ್ಯರಿಗೆ ತೋರಿಸಿ.

ಮಾಡಬಾರದ್ದು

ಕಡ್ಡಿಪುಡಿ, ಹೊಗೆಸೊಪ್ಪು, ಸುಣ್ಣ ಮೆತ್ತಬೇಡಿ. ನೋವಿನ ಮಾತ್ರೆಯನ್ನು ವಸಡಿನ ಮೇಲಿಟ್ಟರೆ ವಸಡು ಸುಡುತ್ತದೆ. ಹಸುವಿಗೆ ತಂದ ಔಷಧಿಯನ್ನು ನೀವು ತೆಗೆದುಕೊಳ್ಳಲೇಬೇಡಿ. ಕೆನ್ನೆಯ ಹೊರಗೆ ತಣ್ಣೀರಿನ ಬಟ್ಟೆ ಇಡಿ. ಕೊಟ್ಟಿಗೆಯಲ್ಲಾದ ಗಾಯವಾದ್ದರಿಂದ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಕೆಜಿಎಫ್‌ನ ಬೆಮೆಲ್ ನಗರದಲ್ಲಿ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ. ನಿಮ್ಮೂರಿಗೆ ಹತ್ತಿರದ ದಂತವೈದ್ಯರ ಫೋನ್ ನಂಬರನ್ನು ನಮ್ಮ ನಂಬರಿನ ಪಕ್ಕದಲ್ಲೇ ಬರೆದಿಡಿ.

ಹಸುವಿನ ಹಲ್ಲಿನ ವಿಚಾರ

ಹಸುವಿನ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲೇ ಇರುವುದಿಲ್ಲ, ಉದುರಿತೆಂದು ಗಾಬರಿಯಾಗಬೇಡಿ. ಕಡಸಿಗೆ ಸುಮಾರು ಎರಡು ವರ್ಷದಿಂದ ಕೆಳಗಿನ ಹಾಲುಹಲ್ಲು ಬಿದ್ದು ಹೊಸದು ಬರುವುದೂ ಸಹಜ. ಆದರೆ ಅಗಿದ ಮೇವನ್ನು ಉಂಡೆಯಾಗಿ ಉಗುಳುವುದು, ಕೆನ್ನೆಯಲ್ಲಿ ಮೇವು ತುಂಬಿಕೊಳ್ಳುವುದು, ದವಡೆ ಊದುವುದು, ಬಾಯಿ ವಾಸನೆ ಕಂಡರೆ ನಮ್ಮನ್ನು ಕರೆಸಿ. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅದರಿಂದ ಜನರಲ್ಲೂ ದನಗಳಲ್ಲೂ ಹಲ್ಲು ಕಂದುಗಟ್ಟಿ ಸವೆಯುತ್ತದೆ.

ಜೊಲ್ಲು ಸುರಿಸುವ ಹಸುವಿನ ಬಾಯಿಗೆ 'ಏನೋ ಸಿಕ್ಕಿಕೊಂಡಿದೆ' ಎಂದು ಬರಿಗೈ ಹಾಕಬೇಡಿ. ಅದು ಕಾಲುಬಾಯಿ ರೋಗವಿರಬಹುದು, ಹುಚ್ಚು ರೋಗವೂ ಇರಬಹುದು. ಹುಚ್ಚು ರೋಗ ಜೊಲ್ಲಿನ ಮೂಲಕ ನಿಮ್ಮ ಕೈಯ ಗಾಯಕ್ಕೆ ದಾಟಬಲ್ಲದು.

ಹಗ್ಗ ಬಿಚ್ಚುವಾಗ ಕೊಂಬಿನ ಮೇಲೆ ಬಗ್ಗದೆ, ಪಕ್ಕದಲ್ಲಿ ನಿಂತು ಬಿಚ್ಚಿ. ಅಷ್ಟಾದರೂ ಪೆಟ್ಟು ಬಿದ್ದರೆ, ಕ್ಯಾನನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು ಹೊರಡಿ. ಒಂದು ಹೊತ್ತಿನ ಹಾಲಿನ ದುಡ್ಡು ನಾಳೆ ಬರುತ್ತದೆ. ಆ ಹಲ್ಲು ಮತ್ತೆ ಹುಟ್ಟುವುದಿಲ್ಲ.